ಅಕ್ಕನ ಫಾರಮ್ಮು, ಮೂರು ಭ್ರೂಣಗಳು ಮತ್ತು ಕಾನೂನು ಎಳೆದ ಗೆರೆಗಳು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಕ್ಕ, ಭಾವ ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳ್ಳಂದೂರಿನ ನಮ್ಮ ಮನೆಗೆ ಬಂದಿದ್ದರು. ಮನೆ ಅಂದರೆ ದೊಡ್ಡದೇನಲ್ಲ, ನಾವು ಮೂವರು ಸಾಫ್ಟ್‌ವೇರ್ ಹುಡುಗರು ಬಾಡಿಗೆಗೆ ಹಿಡಿದಿರುವ ಫ್ಲಾಟು. ಅಕ್ಕನ ಎರಡು ವರ್ಷದ ಮಗಳು ಬಾಲ್ಕನಿಯ ಗ್ರಿಲ್ಲು ಹಿಡಿದುಕೊಂಡು ರಿಂಗ್ ರೋಡಿನ ಬಸ್ಸುಗಳನ್ನು ಎಣಿಸುತ್ತಿದ್ದಳು. (ಅವಳ ಲೆಕ್ಕದಲ್ಲಿ ಎರಡರ ನಂತರ ಹತ್ತು ಬರುತ್ತದೆ.) ನಾನು ಟೀ ಸೋಸುತ್ತಿದ್ದೆ. ಅಕ್ಕ ಬ್ಯಾಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು, "ಇದನ್ನ ಸ್ವಲ್ಪ ಓದಿ ಹೇಳೋ" ಅಂದಳು.

ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಆದರೆ ಆ ಕಾಗದದಲ್ಲಿದ್ದದ್ದು ವಕೀಲರ ಇಂಗ್ಲಿಷು. ಅದು ಅವರು ಚಿಕಿತ್ಸೆ ಪಡೆದಿದ್ದ ಐವಿಎಫ್ ಕ್ಲಿನಿಕ್ಕಿನಿಂದ ಬಂದದ್ದು. ಮದುವೆಯಾಗಿ ಹತ್ತು ವರ್ಷ ಮಕ್ಕಳಾಗದೆ, 2022ರಲ್ಲಿ ನಮ್ಮ ಈ ರಿಂಗ್ ರೋಡಿಗೇ ಬಂದು ಐವಿಎಫ್ ಮಾಡಿಸಿಕೊಂಡಿದ್ದರು. ಐದು ಭ್ರೂಣಗಳಾಗಿದ್ದವು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ಈಗ ಬಾಲ್ಕನಿಯಲ್ಲಿ ಬಸ್ಸು ಎಣಿಸುತ್ತಿದೆ. ಉಳಿದ ಮೂರು ಇನ್ನೂ ಕ್ಲಿನಿಕ್ಕಿನ ಫ್ರೀಜರಿನಲ್ಲಿವೆ. ಹೆರಿಗೆಯ ಹೊತ್ತಿಗೆ ಅಕ್ಕನ ಬಿ.ಪಿ. ಏರಿ ಎಲ್ಲರೂ ಹೆದರಿದ್ದೆವು. ಇನ್ನೊಂದು ಬಸಿರು ಬೇಡ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾರೆ.

ಕಾಗದದಲ್ಲಿ ಮೂರು ಚೌಕಗಳಿದ್ದವು. ಒಂದಕ್ಕೆ ಟಿಕ್ ಮಾಡಿ ಇಬ್ಬರೂ ಸಹಿ ಹಾಕಬೇಕು. ಒಂದು, ವರ್ಷದ ಬಾಡಿಗೆ ಕಟ್ಟಿ ಮುಂದುವರಿಸುವುದು. ಎರಡು, ಸಂಶೋಧನೆಗೆ ಕೊಡುವುದು. ಮೂರು, "ಡಿಸ್ಕಾರ್ಡ್".

"ಡಿಸ್ಕಾರ್ಡ್ ಅಂದ್ರೆ? ಕಸಕ್ಕೆ ಹಾಕೋದಾ?"

ನಾನು ದಿನಕ್ಕೆ ಇಪ್ಪತ್ತು ಸಲ ಒತ್ತುವ ಗುಂಡಿ ಅದು. ಬರೆದ ಕೋಡು ಸರಿಯಿಲ್ಲ ಅಂದರೆ ಡಿಸ್ಕಾರ್ಡ್ ಚೇಂಜಸ್, ಮುಗಿಯಿತು. ಅವತ್ತು ಅಕ್ಕನ ಮುಂದೆ ಆ ಪದಕ್ಕೆ ಕನ್ನಡ ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಅವಳು ಮೆತ್ತಗೆ ಕೇಳಿದಳು, "ಅಲ್ಲ ಕಣೋ, ಅವು ಮೂರು... ಮಕ್ಕಳಾ? ಅಥವಾ ಏನು?"

ಈ ಪ್ರಶ್ನೆಗೆ ಕಾನೂನಿನಲ್ಲಾದರೂ ಉತ್ತರ ಇರಬಹುದು ಅಂತ ಅವತ್ತಿನಿಂದ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಅಕ್ಕನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

*

ಮೊದಲ ತೊಡಕು ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ಪದ: ಭ್ರೂಣ. ಐದು ದಿನದ್ದೂ ಭ್ರೂಣ, ಏಳು ತಿಂಗಳದ್ದೂ ಭ್ರೂಣ. ಆಸ್ಪತ್ರೆಯ ಗೋಡೆ ಮೇಲೆ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅನ್ನುವ ಬೋರ್ಡು ನೋಡುತ್ತಾ, ಪೇಪರಿನಲ್ಲಿ "ಭ್ರೂಣಹತ್ಯೆ" ಅನ್ನುವ ತಲೆಬರಹ ಓದುತ್ತಾ ಬೆಳೆದವಳಿಗೆ, ಅದೇ ಪದದ ಪಕ್ಕ ಡಿಸ್ಕಾರ್ಡ್ ಅಂತ ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಫ್ರೀಜರಿನಲ್ಲಿ ಇರುವುದೇನು ಅಂತ ನೋಡಿದರೆ, ಅಂಡಾಣು ವೀರ್ಯಾಣು ಸೇರಿ ಐದು ದಿನ ಆದ ಕೋಶಗಳ ಒಂದು ಸಣ್ಣ ಉಂಡೆ. ಒಟ್ಟು ನೂರು, ಇನ್ನೂರು ಕೋಶ. ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಭಾಗ. ಹೃದಯ, ಮೆದುಳು, ನರ ಯಾವುದೂ ಇಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದರೊಳಗಿನ ಕಾಲವೇ ನಿಂತುಬಿಟ್ಟಿರುತ್ತದೆ. ಆದರೆ ಬಾಲ್ಕನಿಯಲ್ಲಿದ್ದ ಪುಟ್ಟಿಯೂ ಮೂರು ವರ್ಷದ ಹಿಂದೆ ಅಷ್ಟೇ ಇದ್ದಳು ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳುವುದು ಕಷ್ಟ.

ಅಮ್ಮನಿಗೆ ಫೋನ್ ಮಾಡಿದರೆ ಅವಳು ಗಾಂಧಾರಿಯ ಕಥೆ ತೆಗೆದಳು. ಮಾಂಸದ ಮುದ್ದೆಯನ್ನು ವ್ಯಾಸರು ನೂರೊಂದು ಭಾಗ ಮಾಡಿ ತುಪ್ಪದ ಕೊಡಗಳಲ್ಲಿ ಇಟ್ಟರಲ್ಲ, ಅದು. "ಆಗಲೇ ಐವಿಎಫ್ ಇತ್ತು" ಅನ್ನುವ ವಾಟ್ಸಾಪ್ ಫಾರ್ವರ್ಡ್ ನೆನಪಾಗಿ ನಗು ಬಂತು. ಆದರೆ ಅಮ್ಮ ಹೇಳಲು ಹೊರಟಿದ್ದೇ ಬೇರೆ. "ನೋಡು, ವ್ಯಾಸರು ಒಂದನ್ನೂ ಬಿಸಾಡಲಿಲ್ಲ" ಅಂದಳು. ನನ್ನ ನಗು ಅಲ್ಲಿಗೇ ನಿಂತಿತು.

*

ಸರಿ, ಕಾನೂನಿನ ಕಥೆಗೆ ಬರೋಣ.

ಬ್ರಿಟಿಷರು 1860ರಲ್ಲಿ ಕೊಟ್ಟ ಭಾರತೀಯ ದಂಡ ಸಂಹಿತೆಯಲ್ಲಿ 312ನೇ ಸೆಕ್ಷನ್ ಇತ್ತು. ತಾಯಿಯ ಜೀವ ಉಳಿಸಲು ಅಲ್ಲದೆ ಗರ್ಭ ಇಳಿಸಿದರೆ 3 ವರ್ಷದವರೆಗೆ ಜೈಲು. ಹೊಟ್ಟೆಯಲ್ಲಿ ಮಗು ಮಿಸುಕಾಡುವ ಹಂತಕ್ಕೆ ಬಂದಿದ್ದರೆ 7 ವರ್ಷದವರೆಗೆ. ತಾಯಿ ತಾನೇ ಇಳಿಸಿಕೊಂಡರೆ ಅವಳೂ ಅಪರಾಧಿ. ಆದರೆ ಗಮನಿಸಿ, ಇದು ಕೊಲೆಯಲ್ಲ. ಹೊಟ್ಟೆಯೊಳಗಿನ ಮಗುವಿನ ಸಾವು ನರಹತ್ಯೆ ಆಗುವುದಿಲ್ಲ ಅಂತ 299ನೇ ಸೆಕ್ಷನ್ನಿನ ವಿವರಣೆಯಲ್ಲಿ ಬರೆದೇ ಇತ್ತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಗರ್ಭಪಾತದ ಸೆಕ್ಷನ್ನುಗಳ ನಂಬರು ಬದಲಾಯಿತು, ತಿರುಳು ಅದೇ ಉಳಿಯಿತು.

ಆಸ್ತಿ ವಿಚಾರದಲ್ಲೂ ಇಂಥದ್ದೇ ಒಂದು ಜಾಣತನ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅಪ್ಪ ವಿಲ್ ಬರೆಯದೆ ಸತ್ತಾಗ ಹೊಟ್ಟೆಯಲ್ಲಿದ್ದ ಮಗುವಿಗೂ ಪಾಲುಂಟು, ಆದರೆ ಅದು ಜೀವಂತ ಹುಟ್ಟಿದರೆ ಮಾತ್ರ. ಹುಟ್ಟುವವರೆಗೆ ಹಕ್ಕು ಬಾಗಿಲ ಹೊರಗೆ ಕಾಯುತ್ತಾ ನಿಂತಿರುತ್ತದೆ.

ಸ್ವಾತಂತ್ರ್ಯ ಬಂದ ಮೇಲೂ ಕಾನೂನಿಗೆ ಹೆದರಿ, ಊರಿನ ಮಾತಿಗೆ ಹೆದರಿ, ಕದ್ದು ಮುಚ್ಚಿ ಗರ್ಭ ಇಳಿಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಲೇ ಇದ್ದರು. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು, 1966ರಲ್ಲಿ ವರದಿ ಬಂತು, 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಆಯಿತು. 12 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, 20 ವಾರದವರೆಗೆ ಇಬ್ಬರದು ಬೇಕು. 2021ರ ತಿದ್ದುಪಡಿಯಲ್ಲಿ ಇದು 20 ಮತ್ತು 24 ವಾರ ಆಯಿತು. ಈ 24 ಎಲ್ಲರಿಗೂ ಅಲ್ಲ, ಕೆಲವು ವರ್ಗದ ಮಹಿಳೆಯರಿಗೆ.

ಓದುತ್ತಾ ನನಗೆ ಹೊಳೆದದ್ದು ಏನೆಂದರೆ, 1971ರಲ್ಲಿ "ಜೀವ ಯಾವಾಗ ಶುರುವಾಗುತ್ತದೆ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಗೆರೆ ಎಳೆದದ್ದಲ್ಲ. ಸಾಯುತ್ತಿದ್ದ ಹೆಂಗಸರನ್ನು ನೋಡಿ ಎಳೆದದ್ದು. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯೂ ಹಾಗೆಯೇ. ಅದು ಕಾಯಲು ಹೊರಟದ್ದು ಕಮ್ಮಿಯಾಗುತ್ತಿದ್ದ ಹೆಣ್ಣುಮಕ್ಕಳನ್ನು. ಆ ಕಾಯ್ದೆ ಇನ್ನೂ ಎಷ್ಟು ಬೇಕು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2023ರಲ್ಲಿ ಇಲ್ಲೇ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ನೆನಪಿರಬಹುದು. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರು. ಬೆಲ್ಲ ಕಾಯಿಸುವ ಜಾಗದಲ್ಲಿ!

*

ಇಷ್ಟೂ ಕಾನೂನುಗಳು ಬರೆದದ್ದು ಭ್ರೂಣ ಅಂದರೆ ಹೊಟ್ಟೆಯೊಳಗೆ ಇರುವುದು ಅಂದುಕೊಂಡು. ಅದು ಹೊರಗೂ ಇರಬಹುದು ಅಂತ ಆದದ್ದು 1978ರಲ್ಲಿ.

ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು, ಜಗತ್ತಿನ ಮೊದಲ ಪ್ರನಾಳ ಶಿಶು. ಸುಮಾರು ಹತ್ತು ವಾರದ ನಂತರ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ "ದುರ್ಗಾ" ಹುಟ್ಟಿದಳು. ಅವರು ಬಳಸಿದ್ದು 53 ದಿನ ಶೈತ್ಯದಲ್ಲಿಟ್ಟಿದ್ದ ಭ್ರೂಣ. ಆಗ ಅಂಥದ್ದನ್ನು ಜಗತ್ತಿನಲ್ಲಿ ಯಾರೂ ಮಾಡಿರಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ಸಮಿತಿ ಮಾಡಿ, ವಿಚಾರಣೆ ಮಾಡಿ, ಇದೆಲ್ಲ ನಂಬಲಾಗದ್ದು ಅಂದುಬಿಟ್ಟಿತು. ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಮುಖರ್ಜಿ ಆತ್ಮಹತ್ಯೆ ಮಾಡಿಕೊಂಡರು. ತಪನ್ ಸಿನ್ಹಾರ 'ಏಕ್ ಡಾಕ್ಟರ್ ಕಿ ಮೌತ್' ಸಿನಿಮಾಕ್ಕೆ ಪ್ರೇರಣೆ ಅವರೇ.

ಕಥೆ ಬೆಂಗಳೂರಿಗೆ ಬರುವುದು ಇಲ್ಲಿ. 1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹರ್ಷಾ ಹುಟ್ಟಿದಾಗ "ಭಾರತದ ಮೊದಲ ಪ್ರನಾಳ ಶಿಶು" ಅಂತ ಹೆಸರಾಯಿತು. ಅದರ ಹಿಂದಿದ್ದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್. ಈ ಆನಂದಕುಮಾರ್ ಮುಂದೆ ಬೆಂಗಳೂರಿಗೆ ಬಂದು ಇಲ್ಲೇ ಕೆಲಸ ಮಾಡಿದರು. ಮುಖರ್ಜಿಯವರ ಟಿಪ್ಪಣಿಗಳು ಕೈಗೆ ಸಿಕ್ಕಾಗ ಓದಿ ನೋಡಿ, ಮೊದಲಿಗ ತಾನಲ್ಲ, ಅವರು ಅಂತ 1997ರಲ್ಲಿ ತಾವೇ ಬರೆದರು. ಬರೆದದ್ದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಸತ್ತವರ ತಲೆಗಿಟ್ಟ ಮನುಷ್ಯ! ಆಫೀಸಿನಲ್ಲಿ ಇನ್ನೊಬ್ಬರು ಸರಿಪಡಿಸಿದ ಬಗ್‌ಗೆ ತಮ್ಮ ಹೆಸರು ಹಾಕಿಕೊಳ್ಳುವವರನ್ನು ದಿನಾ ನೋಡುವ ನನಗೆ ಇದನ್ನು ಓದಿ ಮೈ ಝುಂ ಅಂದಿತು.

ಇಷ್ಟೆಲ್ಲ ನಡೆಯುವಾಗ ಹೊರಗಿರುವ ಭ್ರೂಣದ ಬಗ್ಗೆ ನಮ್ಮಲ್ಲಿ ಒಂದು ಸಾಲಿನ ಕಾನೂನೂ ಇರಲಿಲ್ಲ.

*

ಇಂಗ್ಲೆಂಡಿನವರು ಮಾತ್ರ ಕೂತು ಯೋಚಿಸಿದರು. 1982ರಲ್ಲಿ ಒಂದು ಸಮಿತಿ ಮಾಡಿದರು. ಅಧ್ಯಕ್ಷೆ ಡಾಕ್ಟರೂ ಅಲ್ಲ, ಪಾದ್ರಿಯೂ ಅಲ್ಲ, ತತ್ವಶಾಸ್ತ್ರದ ಮೇರಿ ವಾರ್ನಾಕ್. 1984ರಲ್ಲಿ ವರದಿ ಬಂತು. ಭ್ರೂಣ ಮನುಷ್ಯನಲ್ಲ, ಆದರೆ ಬರೀ ವಸ್ತುವೂ ಅಲ್ಲ, ಅದಕ್ಕೊಂದು ವಿಶೇಷ ಸ್ಥಾನ ಬೇಕು. ಪ್ರಯೋಗಾಲಯದಲ್ಲಿ ಅದನ್ನು 14 ದಿನಕ್ಕಿಂತ ಹೆಚ್ಚು ಬೆಳೆಸಕೂಡದು. 1990ರಲ್ಲಿ ಇದು ಅಲ್ಲಿ ಕಾನೂನಾಯಿತು. ಮುಂದೆ ಜಗತ್ತಿನ ಬಹಳಷ್ಟು ದೇಶಗಳು ಇದೇ ಲೆಕ್ಕ ಹಿಡಿದವು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲೂ ಇದೇ ಇದೆ.

ಯಾಕೆ 14? ಸುಮಾರು ಆ ಹೊತ್ತಿಗೆ ಕೋಶಗಳ ಆ ತಟ್ಟೆಯ ಮೇಲೆ ಒಂದು ಸಣ್ಣ ಗೆರೆ ಮೂಡುತ್ತದೆ. ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ಗೊತ್ತಾಗುವುದು ಅಲ್ಲಿಂದ. ಅಲ್ಲಿಯವರೆಗೆ ಒಂದು ಭ್ರೂಣ ಒಡೆದು ಅವಳಿ ಆಗಬಹುದು. ಗೆರೆ ಮೂಡಿದ ಮೇಲೆ ಸಾಮಾನ್ಯವಾಗಿ ಆಗುವುದಿಲ್ಲ. ಒಂದಾಗಿ ಇರುತ್ತದೋ ಎರಡಾಗುತ್ತದೋ ಇನ್ನೂ ನಿರ್ಧಾರವಾಗದ್ದನ್ನು "ಒಬ್ಬ ವ್ಯಕ್ತಿ" ಅನ್ನುವುದು ಹೇಗೆ ಅನ್ನುವುದು ವಾದ. ಒಳ್ಳೆಯ ವಾದವೇ. ಆದರೆ ಆಗ 14 ದಿನದವರೆಗೆ ಬೆಳೆಸುವುದು ಯಾರ ಕೈಲೂ ಆಗುತ್ತಿರಲಿಲ್ಲ. 2016ರಲ್ಲಿ ಕೇಂಬ್ರಿಜ್ ಮತ್ತು ನ್ಯೂಯಾರ್ಕಿನ ಪ್ರಯೋಗಾಲಯಗಳು ಗೆರೆಯ ಹತ್ತಿರಕ್ಕೇ, 12-13 ದಿನಕ್ಕೆ ತಲುಪಿದವು. 2021ರಲ್ಲಿ ಅಂತರರಾಷ್ಟ್ರೀಯ ಕಾಂಡಕೋಶ ಸಂಶೋಧಕರ ಸಂಘ ತನ್ನ ನಿಷೇಧದ ಪಟ್ಟಿಯಿಂದ ಈ 14 ದಿನವನ್ನು ತೆಗೆದೇಬಿಟ್ಟಿತು. ದಾಟಲಾಗದ ಕಾಲದಲ್ಲಿ ಎಳೆದ ಗೆರೆ, ದಾಟುವ ಕಾಲ ಬಂದಾಗ ತೆಳುವಾಗತೊಡಗಿತು.

*

ನಮ್ಮ ಊರು ಈ ಜಗಳದ ಮಧ್ಯೆ ಒಂದು ಸಲ ಬಂದಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಕಾಂಡಕೋಶಗಳನ್ನು ತೆಗೆದು ಬೆಳೆಸಿದರು. ಇವುಗಳಿಂದ ದೇಹದ ಯಾವ ಅಂಗಾಂಶವನ್ನಾದರೂ ಬೆಳೆಸುವ ಆಸೆ. ಆದರೆ ಕೋಶ ತೆಗೆದರೆ ಭ್ರೂಣ ನಾಶವಾಗುತ್ತದೆ. ಸರ್ಕಾರದ ದುಡ್ಡು ಇದಕ್ಕೆ ಕೊಡಬಹುದೇ ಅಂತ ಅಲ್ಲಿ ದೊಡ್ಡ ಗಲಾಟೆ. 2001ರ ಆಗಸ್ಟ್ 9ರಂದು ಅಧ್ಯಕ್ಷ ಬುಷ್ ಒಂದು ಗೆರೆ ಎಳೆದರು. ಆ ದಿನಕ್ಕೆ ಮೊದಲೇ ನಾಶವಾಗಿದ್ದ ಭ್ರೂಣಗಳಿಂದ ಬಂದ ಕೋಶಗಳಿಗೆ ದುಡ್ಡು ಉಂಟು, ಅವತ್ತಿನ ನಂತರದ್ದಕ್ಕೆ ಇಲ್ಲ. ಅದೇ ತಿಂಗಳ 27ರಂದು ಅಂಥ 64 ಕೋಶರೇಖೆಗಳ ಪಟ್ಟಿ ಹೊರಬಂತು. ಅದರಲ್ಲಿ 7 ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನವು. 3 ಬೆಂಗಳೂರಿನವು! ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು.

ಎಲ್ಲರೂ ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅನ್ನುತ್ತಿದ್ದ ಕಾಲದಲ್ಲಿ, ಅಮೆರಿಕದ ಧರ್ಮಸಂಕಟಕ್ಕೆ ಬೆಂಗಳೂರಿನ ಮೂರು ತಟ್ಟೆಗಳಲ್ಲಿ ಉತ್ತರ ಹುಡುಕಿದ್ದರು. ಕೊನೆಗೆ ಆ 64ರಲ್ಲಿ ಸಂಶೋಧಕರ ಕೈಗೆ ನಿಜವಾಗಿ ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ. ಅವುಗಳಲ್ಲಿ ಬೆಂಗಳೂರಿನವು ಇರಲಿಲ್ಲ. ಹೀಗೆ ಔಟ್‌ಸೋರ್ಸ್ ಮಾಡಲು ಹೊರಟರೂ ಪ್ರಶ್ನೆ ಅಲ್ಲಿಯೇ ಉಳಿಯಿತು.

2009ರಲ್ಲಿ ಅದೇ ದಿಕ್ಕಿನ ಜಕ್ಕೂರಿನಲ್ಲಿ ಇನ್ನೊಂದು ಕೆಲಸ ಆಯಿತು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ ಎರಡು ಹೊಸ ಕೋಶರೇಖೆಗಳನ್ನು ಬೆಳೆಸಿತು. ಹೆಸರು ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20. ಇವು ಬಂದದ್ದು ಐವಿಎಫ್‌ನಲ್ಲಿ ಮೂರನೇ ದರ್ಜೆ ಅಂತ ಪಕ್ಕಕ್ಕಿಟ್ಟ, ಗರ್ಭಕ್ಕೆ ಬಳಸಲಾಗದ ಭ್ರೂಣಗಳಿಂದ. ಯಾರೋ ದಂಪತಿ ಅಕ್ಕನ ಹಾಗೇ ಒಂದು ಫಾರಮ್ಮು ಮುಂದಿಟ್ಟುಕೊಂಡು ಕೂತು, ಎರಡನೇ ಚೌಕಕ್ಕೆ ಟಿಕ್ ಮಾಡಿರಬೇಕು. ಬಿಸಾಡಬೇಕಾಗಿದ್ದದ್ದು ಹೀಗೆ ಸಂಶೋಧಕರ ಕೆಲಸಕ್ಕೆ ಬಂತು.

*

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ಅವಳು ಮಧ್ಯೆ ತಡೆದು, "ಸವಿತಾ ನೆನಪಿದೆಯೇನೋ? ಬೆಳಗಾವಿ ಹುಡುಗಿ" ಅಂದಳು. 2012ರಲ್ಲಿ ಅಕ್ಕ ಧಾರವಾಡದ ಹಾಸ್ಟೆಲಿನಲ್ಲಿದ್ದಳು. ನಾನಾಗ ಹೈಸ್ಕೂಲು. ಪೇಪರಿನಲ್ಲಿ ದಿನಾ ಬರುತ್ತಿದ್ದ ಆ ನಗುವ ಫೋಟೋ ನನಗೂ ನೆನಪಿತ್ತು.

ಸವಿತಾ ಹಾಲಪ್ಪನವರ್ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ. ಗಂಡ ಪ್ರವೀಣ್ ಇಂಜಿನಿಯರ್. ಐರ್‌ಲ್ಯಾಂಡಿನ ಗಾಲ್ವೇಯಲ್ಲಿ ನೆಲೆಸಿದ್ದರು. ಅವಳಿಗೆ 31 ವರ್ಷ, ಮೊದಲ ಬಸಿರು, 17 ವಾರ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರರೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಅಂತ ದಂಪತಿ ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಅಂತ ಉತ್ತರ ಬಂತು. ಬಡಿತ ನಿಲ್ಲುವ ಹೊತ್ತಿಗೆ ಸೋಂಕು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ಸೋಂಕನ್ನು ಸಕಾಲದಲ್ಲಿ ಗುರುತಿಸಲಿಲ್ಲ ಎಂಬ ತಪ್ಪೂ ವಿಚಾರಣೆಯಲ್ಲಿ ಹೊರಬಂತು. ಆದರೆ ಡಾಕ್ಟರರ ಕೈ ಕಟ್ಟಿದ್ದು ಕಾನೂನು ಅನ್ನುವುದನ್ನು 2013ರ ವರದಿಯೂ ಮುಚ್ಚಿಡಲಿಲ್ಲ.

ಆ ಕಾನೂನು ಸಾಮಾನ್ಯ ಕಾಯ್ದೆಯಲ್ಲ, ಸಂವಿಧಾನವೇ. 1983ರಲ್ಲಿ ಜನಮತ ಪಡೆದು ಸೇರಿಸಿದ ಎಂಟನೇ ತಿದ್ದುಪಡಿ. ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಅಂತ ಬರೆದಿದ್ದರು. ಓದಲು ಎಷ್ಟು ಚೆಂದ ಇದೆ ನೋಡಿ. ಸಮಾನತೆ ಅಂದರೆ ಯಾರು ಬೇಡ ಅಂದಾರು?

ಆದರೆ ಇನ್ನೊಂದು ವಿಷಯ ಓದಿ ನಾನು ಕುರ್ಚಿಯಿಂದ ಎದ್ದು ಕೂತೆ. ಸವಿತಾ ಸಾಯುವ ಮೂರು ವರ್ಷ ಮೊದಲು, 2009ರ ಡಿಸೆಂಬರಿನಲ್ಲಿ, ಅದೇ ಐರ್‌ಲ್ಯಾಂಡಿನ ಸುಪ್ರೀಂ ಕೋರ್ಟಿಗೆ ರೋಚ್ ದಂಪತಿಯ ಮೊಕದ್ದಮೆ ಬಂದಿತ್ತು. ಬೇರೆಯಾಗಿದ್ದ ಗಂಡ ಹೆಂಡತಿ. ಫ್ರೀಜರಿನಲ್ಲಿ ಅವರ ಭ್ರೂಣಗಳು. ಎಷ್ಟು ಗೊತ್ತೇ? ಅವೂ ಮೂರು. ಹೆಂಡತಿಗೆ ಅವು ಬೇಕು, ಗಂಡನಿಗೆ ಬೇಡ. ಸಂವಿಧಾನ ಕಾಯುವ "ಹುಟ್ಟದ ಜೀವ" ಇವೂ ಹೌದಾ? ಅಲ್ಲ ಅಂದಿತು ಕೋರ್ಟು. ಗರ್ಭಕೋಶ ಸೇರಿದ ಮೇಲೆ ಮಾತ್ರ ಆ ರಕ್ಷಣೆ.

ಅಂದರೆ ಆ ದೇಶದಲ್ಲಿ ಫ್ರೀಜರಿನಲ್ಲಿದ್ದಾಗ ಸಂವಿಧಾನದ ರಕ್ಷಣೆ ಇಲ್ಲ, ಹೆಂಗಸಿನ ಹೊಟ್ಟೆಗೆ ಬಂದ ಕೂಡಲೇ ಅವಳಷ್ಟೇ ಹಕ್ಕು! ಕೋರ್ಟು ಪದದ ಅರ್ಥ ಬಿಡಿಸಿತು, ತಪ್ಪು ಅನ್ನುವ ಹಾಗಿಲ್ಲ. ಆದರೆ ಭ್ರೂಣಕ್ಕೆ ಪೂರ್ಣ ಹಕ್ಕು ಕೊಟ್ಟಾಗ ಅದರ ಬೆಲೆ ಕಟ್ಟುವುದು ಯಾರು ಅಂತ ಇಲ್ಲಿ ಕಾಣುತ್ತದೆ. ಫ್ರೀಜರಿಗೆ ನೋವಾಗುವುದಿಲ್ಲ.

2018ರ ಮೇ 25ರಂದು ಐರಿಷ್ ಜನ ಶೇಕಡ 66.4 ಮತ ಹಾಕಿ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಮತದಾನಕ್ಕೆ ಮೊದಲು ಬೆಳಗಾವಿಯಿಂದ ಸವಿತಾಳ ಅಪ್ಪ, ಮಗಳನ್ನು ನೆನೆದು ಮತ ಹಾಕಿ ಅಂತ ಕೇಳಿಕೊಂಡಿದ್ದರು. ಕನ್ನಡ ನೆಲದ ಒಬ್ಬ ಹೆಣ್ಣುಮಗಳ ಸಾವು ಯುರೋಪಿನ ಒಂದು ದೇಶದ ಸಂವಿಧಾನ ಬದಲಾಗಲು ಕಾರಣವಾದ ಕಥೆ ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ.

*

ಹಾಗಾದರೆ ಫ್ರೀಜರಿನಲ್ಲಿರುವುದಕ್ಕೂ ಪೂರ್ಣ ಹಕ್ಕು ಕೊಟ್ಟರೆ? ಅದನ್ನೂ ಒಬ್ಬರು ಮಾಡಿ ನೋಡಿದರು. 2020ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಆಸ್ಪತ್ರೆಯ ರೋಗಿಯೊಬ್ಬ ಭ್ರೂಣ ಇಟ್ಟಿದ್ದ ಕೋಣೆಗೆ ನುಗ್ಗಿ ಕೈ ಹಾಕಿದ. ಚಳಿಗೆ ಕೈ ಸುಟ್ಟು ಕೆಳಗೆ ಬೀಳಿಸಿದ. ಕಳೆದುಕೊಂಡ ದಂಪತಿಗಳು ಮೊಕದ್ದಮೆ ಹೂಡಿದರು. 2024ರ ಫೆಬ್ರವರಿ 16ರಂದು ಅಲ್ಲಿನ ಸುಪ್ರೀಂ ಕೋರ್ಟು, 1872ರ ಒಂದು ಕಾಯ್ದೆಯ ಅಡಿ ಈ ಭ್ರೂಣಗಳೂ ಮಕ್ಕಳೇ ಅಂದಿತು. ಪರಿಣಾಮ? ಮಕ್ಕಳಿಗಾಗಿ ಹಂಬಲಿಸುತ್ತಿದ್ದವರ ಚಿಕಿತ್ಸೆಯನ್ನೇ ಹಲವು ಕ್ಲಿನಿಕ್ಕುಗಳು ನಿಲ್ಲಿಸಿದವು. ಕೈತಪ್ಪಿ ಬಿದ್ದರೆ ಮಗುವಿನ ಸಾವು ಅಂತಾದರೆ ಯಾವ ಡಾಕ್ಟರು ಮುಟ್ಟುತ್ತಾರೆ? ಮೂರೇ ವಾರದಲ್ಲಿ ಶಾಸನಸಭೆ ಕ್ಲಿನಿಕ್ಕುಗಳನ್ನು ಕಾಪಾಡಲು ಹೊಸ ಕಾನೂನು ಮಾಡಬೇಕಾಯಿತು. ಪ್ರೊಡಕ್ಷನ್‌ನಲ್ಲಿ ನೇರ ಬದಲಾವಣೆ ಮಾಡಿ, ಎಲ್ಲ ಕೆಟ್ಟ ಮೇಲೆ ರಾತ್ರೋರಾತ್ರಿ ಪ್ಯಾಚ್ ಹಾಕಿದ ಹಾಗೆ.

*

ನಮ್ಮಲ್ಲಿ ಕೊನೆಗೂ ಕಾನೂನು ಬಂದದ್ದು 2021ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ 2005ರ ಮಾರ್ಗಸೂಚಿ, 2008ರಿಂದ ಒಂದರ ಹಿಂದೆ ಒಂದು ಕರಡು. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2022ರ ಜನವರಿಯಿಂದ ಜಾರಿಗೆ ಬಂತು. ಅದರ ಪ್ರಕಾರ, ಫಲಿತವಾದ ದಿನದಿಂದ 56 ದಿನದವರೆಗೆ ಎಂಬ್ರಿಯೋ. ಭ್ರೂಣವನ್ನು ಮಾರುವಂತಿಲ್ಲ. ಮಾರಿದರೆ ಮೊದಲ ಸಲ 5ರಿಂದ 10 ಲಕ್ಷ ದಂಡ, ಮತ್ತೆ ಮಾಡಿದರೆ 3ರಿಂದ 8 ವರ್ಷ ಜೈಲು. ಫ್ರೀಜರಿನಲ್ಲಿ ಇಡುವುದು ಹೆಚ್ಚೆಂದರೆ 10 ವರ್ಷ. ಆಮೇಲೆ ಅದು ತಾನಾಗಿ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು.

ಇಡೀ ಕಾಯ್ದೆಯಲ್ಲಿ ಭ್ರೂಣ ವ್ಯಕ್ತಿಯೋ ವಸ್ತುವೋ ಅಂತ ಎಲ್ಲೂ ಹೇಳಿಲ್ಲ. ಮಾರಬಾರದು ಅಂದಮೇಲೆ ಬರೀ ವಸ್ತುವಲ್ಲ. 10 ವರ್ಷದ ಮೇಲೆ ನಶಿಸಬಹುದು ಅಂದಮೇಲೆ ವ್ಯಕ್ತಿಯೂ ಅಲ್ಲ. ಮೊದಲು ಓದಿದಾಗ ಇದು ಜಾರಿಕೊಳ್ಳುವ ಉಪಾಯ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. 1971, 1994, 2021, ಮೂರರಲ್ಲೂ ನಮ್ಮ ಕಾನೂನು ಭ್ರೂಣವನ್ನೇ ದಿಟ್ಟಿಸಿ ತೀರ್ಪು ಕೊಡಲು ಹೋಗಲಿಲ್ಲ. ಅದರ ಸುತ್ತ ನಿಂತವರನ್ನು ನೋಡಿತು. ಸಾಯುವ ತಾಯಿ, ಹುಟ್ಟಲಾಗದ ಹೆಣ್ಣುಮಗು, ಮೋಸಹೋಗುವ ದಂಪತಿ. ಭ್ರೂಣವನ್ನಷ್ಟೇ ದಿಟ್ಟಿಸಿದ ಐರ್‌ಲ್ಯಾಂಡಿಗೆ ಪಕ್ಕದಲ್ಲಿ ಮಲಗಿದ್ದ ಸವಿತಾ ಕಾಣಲಿಲ್ಲ.

ಹಾಗಂತ ನಮ್ಮದು ಬಲು ಒಳ್ಳೆಯದು ಅಂತ ಬೆನ್ನು ತಟ್ಟಿಕೊಳ್ಳಬೇಕಿಲ್ಲ. ದುರ್ಗಾ ಹುಟ್ಟಿ 43 ವರ್ಷ ಕಾನೂನೇ ಇರಲಿಲ್ಲ. ಇದ್ದ ಕಾನೂನನ್ನು ಆಲೆಮನೆಯವರು ಲೆಕ್ಕಕ್ಕಿಡಲಿಲ್ಲ. ಇನ್ನೊಂದು ಸಣ್ಣ ವಿಷಯ, ನನಗೆ ದೊಡ್ಡದು: ಅಕ್ಕನ ಕೈಗೆ ಬಂದ ಫಾರಮ್ಮಿನಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ಕಾನೂನು ಉತ್ತರವನ್ನು ದಂಪತಿಗೇ ಬಿಟ್ಟಿದೆ ಅಂದಮೇಲೆ ಪ್ರಶ್ನೆಯನ್ನು ಅವರ ಭಾಷೆಯಲ್ಲಿ ಕೇಳಬೇಕು ತಾನೆ? ಡಿಸ್ಕಾರ್ಡ್ ಅನ್ನುವ ಕಡೆ "ನಶಿಸಲು ಬಿಡುವುದು" ಅಂತ, ಎಂಬ್ರಿಯೋ ಅನ್ನುವ ಕಡೆ "ಐದು ದಿನದ ಭ್ರೂಣ" ಅಂತ ಬರೆದಿದ್ದರೆ ಅಕ್ಕ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಪೂರ್ತಿ ಫಾರಮ್ಮನ್ನು ನಾನೇ ಕನ್ನಡಕ್ಕೆ ಮಾಡಿ ಅವಳಿಗೆ ಕಳಿಸಿದೆ, ಕ್ಲಿನಿಕ್ಕಿಗೂ ಒಂದು ಪ್ರತಿ ಮೇಲ್ ಮಾಡಿದೆ. ಇನ್ನೂ ಉತ್ತರ ಬಂದಿಲ್ಲ.

ಭಾವನಿಗೆ ಜಕ್ಕೂರಿನ ಕಥೆ ಹಿಡಿಸಿತು. "ನೋಡಪ್ಪಾ, ಯಾರಿಗಾದರೂ ಉಪಯೋಗ ಆಗ್ಲಿ, ಎರಡನೇದಕ್ಕೆ ಹಾಕೋಣ" ಅಂದರು. ನನ್ನ ಮನಸ್ಸೂ ಅಲ್ಲೇ ಇದೆ. ಅವು ಮಕ್ಕಳಲ್ಲ, ಆದರೆ ಕಸವೂ ಅಲ್ಲ. ಕಸ ಅಲ್ಲದ್ದಕ್ಕೆ ಮಾಡಬಹುದಾದ ಮರ್ಯಾದೆ ಅದೇ ಅಂತ ನನ್ನ ಅಭಿಪ್ರಾಯ. ಆದರೆ ಸೂಜಿ ಚುಚ್ಚಿಸಿಕೊಂಡವಳು ಅಕ್ಕ, ನಾನಲ್ಲ.

ಮೊನ್ನೆ ಫೋನ್ ಮಾಡಿದ್ದಳು. "ಮಕ್ಕಳಲ್ಲ ಅಂತ ಗೊತ್ತಾಯ್ತು ಕಣೋ. ಆದ್ರೂ ಇವಳು ಮಲಗಿರೋದನ್ನ ನೋಡಿದಾಗ ಕೈ ಬರಲ್ಲ. ಈ ವರ್ಷ ದುಡ್ಡು ಕಟ್ಟಿಬಿಡ್ತೀನಿ. ಮುಂದಿನ ವರ್ಷ ನೋಡೋಣ" ಅಂದಳು. 2032ರವರೆಗೆ ಕಾನೂನಿನ ಗೆರೆ ಇದೆ. ಅದಕ್ಕೆ ಮೊದಲು ಅವಳ ಗೆರೆಯನ್ನು ಅವಳೇ ಎಳೆಯುತ್ತಾಳೆ ಅಂದುಕೊಂಡಿದ್ದೇನೆ.

ಮೊದಲನೇ ಚೌಕಕ್ಕೆ ಟಿಕ್ ಆಯಿತು, ಇಬ್ಬರ ಸಹಿಯೂ ಬಿತ್ತು. ನಾಳೆ ಆಫೀಸಿಗೆ ಹೋಗುವಾಗ ಕ್ಲಿನಿಕ್ಕಿಗೆ ಕೊಟ್ಟು ಬರುವ ಕೆಲಸ ನನ್ನದು.

ನೀವಾಗಿದ್ದರೆ ಯಾವ ಚೌಕಕ್ಕೆ ಟಿಕ್ ಮಾಡುತ್ತಿದ್ದಿರಿ?